ರೋಹಿತದಿಂದ ಮಣ್ಣಿನ ಬಣ್ಣಕ್ಕೆ

ಕೆಮ್ಮಣ್ಣು, ಎರೆಮಣ್ಣು ಎಂಬ ಹೆಸರುಗಳು ಬೇಸಾಯದ ಮಾತಿಗೆ ಸಾಕಾದರೂ, ಒಂದು ಸೀಮೆಯ ಕೆಂಪನ್ನು ಇನ್ನೊಂದು ಸೀಮೆಯ ಕೆಂಪಿನೊಡನೆ ಹೋಲಿಸಬೇಕಾದ ಮಣ್ಣುವಿಜ್ಞಾನಿಗಳಿಗೆ ಸಾಲುವುದಿಲ್ಲ. ಅವರು ಆಶ್ರಯಿಸಿರುವುದು ಅಮೆರಿಕದ ಬಾಸ್ಟನ್ ನಗರದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿಯನ್ನು. ಕೆಂಪೋ ಹಳದಿಯೋ ಎಂಬುದನ್ನು ತಿಳಿಸುವ ವರ್ಣ, ಕಪ್ಪಿನಿಂದ ಬಿಳುಪಿನವರೆಗೆ 0ಯಿಂದ 10ರ ತನಕ ಏರುವ ಮೌಲ್ಯ, ಬೂದುಬಣ್ಣದಿಂದ ದೂರ ಸರಿದಷ್ಟೂ ಹೆಚ್ಚುವ ಕ್ರೋಮಾ, ಈ ಮೂರೂ ಸೇರಿ ಅದರ ಸಂಕೇತವಾಗುತ್ತದೆ, 2.5ವೈಆರ್ 3/6 ಎಂದರೆ ಕಡುಗೆಂಪು ಮಣ್ಣು.

ಬಣ್ಣದ ಪಟ್ಟಿಯ ಪಕ್ಕದಲ್ಲಿ ಮಣ್ಣಿನ ಹೆಂಟೆ ಹಿಡಿದು ನೋಡುವಾಗ ಬಿಸಿಲೂ ನೋಡುವವರ ಕಣ್ಣೂ ಬದಲಾಗುವುದರಿಂದ, ಸ್ಪೆಕ್ಟ್ರೋಫೋಟೊಮೀಟರಿನ ನೆರವು ಪಡೆಯುವುದುಂಟು. ಅದು 400ರಿಂದ 700 ನ್ಯಾನೊಮೀಟರ್‌ವರೆಗಿನ ಒಂದೊಂದು ತರಂಗಾಂತರದಲ್ಲೂ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿತೆಂದು ಅಳೆಯುತ್ತದೆ. ಈ ಅಂಕಿಗಳ ಸಾಲೇ ಪ್ರತಿಫಲನ ರೋಹಿತ. ಆದರೆ ಆ ಸಾಲಿನಲ್ಲಿ ಬಣ್ಣವಿನ್ನೂ ಇಲ್ಲ, ಏಕೆಂದರೆ ಬಣ್ಣ ಹುಟ್ಟಲು ಬೆಳಕೂ ಕಣ್ಣೂ ಬೇಕು.

ಆದ್ದರಿಂದ ಪ್ರತಿ ತರಂಗಾಂತರದ ಪ್ರತಿಫಲನವನ್ನು ಆಯ್ದ ಬೆಳಕಿನ ಬಲದಿಂದಲೂ, ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ ನಿಗದಿಪಡಿಸಿದ 'ಪ್ರಮಾಣಿತ ವೀಕ್ಷಕ'ನ ಮೂರು ಸ್ಪಂದನಗಳಿಂದಲೂ ಗುಣಿಸಿ ಕೂಡಿದಾಗ ಎಕ್ಸ್, ವೈ, ಜೆಡ್ ಎಂಬ ಮೂರು ಮೊತ್ತಗಳು ದೊರೆಯುತ್ತವೆ. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಪರೀಕ್ಷಿಸಿದ ಕೇವಲ 17 ಮಂದಿಯ ಕಣ್ಣುಗಳಿಂದ ರೂಪುಗೊಂಡ ಆ ವೀಕ್ಷಕ ಇಂದಿಗೂ ಬಳಕೆಯಲ್ಲಿರುವುದು ನಿಜಕ್ಕೂ ಬೆರಗಿನ ಸಂಗತಿ.

ಮೌಲ್ಯವನ್ನು ವೈ ಮೊತ್ತವೊಂದೇ ನಿರ್ಧರಿಸುತ್ತದೆ. ಆದರೆ ಕಣ್ಣಿನ ಅಂದಾಜು ಬೆಳಕಿನ ಪ್ರಮಾಣದೊಡನೆ ಸಮನಾಗಿ ಏರುವುದಿಲ್ಲವಾದ್ದರಿಂದ, ಸುಮಾರು 20 ಪ್ರತಿಶತ ಬೆಳಕನ್ನು ಮರಳಿಸುವ ಬೂದುಬಣ್ಣವೇ ಕಪ್ಪು ಬಿಳುಪುಗಳ ನಡುಮಧ್ಯದ್ದೆನಿಸಿ ಮೌಲ್ಯ 5 ಪಡೆಯುತ್ತದೆ. ವರ್ಣ ಮತ್ತು ಕ್ರೋಮಾಗಳಿಗೆ ಅಂಥ ಸರಳ ಸೂತ್ರವಿಲ್ಲ. ಅಮೆರಿಕದ ಆಪ್ಟಿಕಲ್ ಸೊಸೈಟಿಯ ಸಮಿತಿಯೊಂದು 1943ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಹತ್ತಿರದ ಬಿಂದುಗಳನ್ನು ಹುಡುಕಿ, ಅವುಗಳ ನಡುವಿನ ಸ್ಥಾನವನ್ನು ಲೆಕ್ಕಹಾಕಬೇಕಾಗುತ್ತದೆ. ಆ ಕೋಷ್ಟಕಗಳು 'ಸಿ' ಎಂಬ ಪ್ರಮಾಣಿತ ಹಗಲುಬೆಳಕಿಗೆ ಸಿದ್ಧವಾದವು. ಈಗಿನ ಉಪಕರಣಗಳು ಸಾಮಾನ್ಯವಾಗಿ ಬಳಸುವ ಡಿ65 ಬೆಳಕಿನ ಅಂಕಿಗಳನ್ನು ಹೊಂದಿಸದೆ ಅಲ್ಲಿ ಹುಡುಕಿದರೆ ವರ್ಣವೇ ಪಕ್ಕಕ್ಕೆ ಸರಿಯುತ್ತದೆ, ಮತ್ತು ಈ ತಪ್ಪು ಉತ್ತರವನ್ನು ನೋಡಿದ ಮಾತ್ರಕ್ಕೆ ಗೋಚರಿಸುವುದಿಲ್ಲ. ಒದ್ದೆಯಾದ ಮಣ್ಣು ಕಪ್ಪೇರುವುದರಿಂದ, ಅಳೆದಾಗ ಅದು ಒಣಗಿತ್ತೋ ತೇವವಾಗಿತ್ತೋ ಎಂಬುದನ್ನೂ ಜೊತೆಗೇ ನಮೂದಿಸಬೇಕು.

ಬೇರೆ ಬೇರೆ ರೋಹಿತಗಳು ಒಂದೇ ಸಂಕೇತಕ್ಕೆ ಬಂದು ನಿಲ್ಲಬಹುದು. ಕಬ್ಬಿಣದ ಆಕ್ಸೈಡುಗಳ ಗುರುತು ಕಾಣುವ ಅವಕೆಂಪು ಭಾಗವಂತೂ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ರೋಹಿತವಿದ್ದರೆ ಸಂಕೇತವನ್ನು ಯಾವಾಗ ಬೇಕಾದರೂ ಮತ್ತೆ ಪಡೆಯಬಹುದು, ಸಂಕೇತದಿಂದ ರೋಹಿತಕ್ಕೆ ಮರಳುವ ದಾರಿಯಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ದಾಖಲಿಸಿಡುವುದು ಅಗತ್ಯ.