ಅಂಗಾಲಿನ ಕಪ್ಪು ಕಲೆ



ಮಾನ್ವಿಯ ಭತ್ತದ ಗದ್ದೆ, ದೇವದುರ್ಗದ ಹತ್ತಿ ಹೊಲಗಳಲ್ಲಿ ಚಿತ್ರೀಕರಣ ಮಾಡುವಾಗ ನಮ್ಮ ಕ್ಯಾಮೆರಾ ರೈತನ ಮುಖ ತೋರಿಸುತ್ತದೆ, ಕೈ ತೋರಿಸುತ್ತದೆ. ಅಂಗಾಲನ್ನು ಮಾತ್ರ ತೋರಿಸುವುದಿಲ್ಲ. ಮನೆಯಲ್ಲಿ ನಾವೂ ಅದನ್ನು ನೋಡುವುದಿಲ್ಲ. ಅಲ್ಲೊಂದು ಕಪ್ಪು ಕಲೆ ಕಂಡರೆ ಮುಳ್ಳು ನಟ್ಟಿರಬೇಕು, ಆಣಿಯಾಗಿರಬೇಕು ಎಂದು ಸುಮ್ಮನಾಗುತ್ತೇವೆ. ಬಹಳ ಸಲ ಅದು ನಿಜವೇ. ಅಪರೂಪಕ್ಕೊಮ್ಮೆ ಮಾತ್ರ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿರುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಹತೋಟಿ ಮೀರಿ ಬೆಳೆದಾಗ ಈ ರೋಗ ಹುಟ್ಟುತ್ತದೆ. ಬಿಳಿ ಚರ್ಮದವರಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳೇ ಮುಖ್ಯ ಕಾರಣ. ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಇದು ವಿರಳ. ಬಂದರೆ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಇದು ಪತ್ತೆಯಾಯಿತು. 1981ರಲ್ಲಿ, 36ನೆಯ ವಯಸ್ಸಿಗೇ ಅವರು ತೀರಿಕೊಂಡರು.

ರೋಗ ಹರಡುತ್ತದೆಯೇ ಎಂದು ಊಹಿಸುವುದು ಹೇಗೆ? ಕಲೆಯ ಅಗಲಕ್ಕಿಂತ ಅದರ ಆಳ ಮುಖ್ಯ. 1970ರಲ್ಲಿ ಅಮೆರಿಕದ ಅಲೆಗ್ಸಾಂಡರ್ ಬ್ರೆಸ್ಲೊ ಗಡ್ಡೆಯ ದಪ್ಪವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಇದನ್ನು ತೋರಿಸಿಕೊಟ್ಟರು. ದಪ್ಪ 1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಹರಡುವ ಸಂಭವ ಕಡಿಮೆ. 4 ಮಿಲಿಮೀಟರ್ ಮೀರಿದರೆ ಬಹಳ ಹೆಚ್ಚು. ಏಕೆಂದರೆ ನಮ್ಮ ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಒಳಚರ್ಮದಲ್ಲಿ ರಕ್ತನಾಳಗಳೂ ದುಗ್ಧನಾಳಗಳೂ ಇವೆ. ರೋಗಕೋಶ ಅಲ್ಲಿಗೆ ಇಳಿದರೆ ಅದಕ್ಕೆ ಹೊರಡಲು ದಾರಿ ಸಿಕ್ಕಂತೆ.

ವೈದ್ಯರು ಇನ್ನೂ ಮೂರು ಸಂಗತಿ ನೋಡುತ್ತಾರೆ: ಗಡ್ಡೆಯ ಮೇಲ್ಪದರ ಒಡೆದು ಹುಣ್ಣಾಗಿದೆಯೇ, ಕೋಶಗಳು ಎಷ್ಟು ವೇಗವಾಗಿ ವಿಭಜನೆಯಾಗುತ್ತಿವೆ, ಹತ್ತಿರದ ದುಗ್ಧಗ್ರಂಥಿಗೆ ರೋಗ ತಲುಪಿದೆಯೇ. ಅಂಗಾಲಿನ ರೋಗ ಸಾಮಾನ್ಯವಾಗಿ ಮೊದಲು ತಲುಪುವ ಗ್ರಂಥಿ ತೊಡೆಸಂದಿನದು.

ಆಳ ಹೆಚ್ಚುವ ಮೊದಲೇ ಗುರುತಿಸುವುದು ನಮ್ಮ ಕೈಯಲ್ಲಿದೆ. ಅಂಚು ಅಂಕುಡೊಂಕಾದ, ಬಣ್ಣ ಒಂದೇ ಸಮನಾಗಿಲ್ಲದ, ಹಿಗ್ಗುತ್ತಿರುವ, ರಕ್ತ ಒಸರುವ ಕಲೆಯನ್ನಾಗಲಿ, ಮಾಯದ ಹುಣ್ಣನ್ನಾಗಲಿ ಬ್ಲೇಡಿನಿಂದ ಕೆತ್ತಬೇಡಿ, ಸುಡಬೇಡಿ. ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಮುಂದಿನ ಪರೀಕ್ಷೆಗೆ ರಾಯಚೂರಿನಲ್ಲಿ ರಿಮ್ಸ್ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ.

ಇಂದು ರಾತ್ರಿ ಊಟವಾದ ಮೇಲೆ ಅಜ್ಜನ ಕಾಲು ಒತ್ತುತ್ತಾ ಅಂಗಾಲನ್ನೂ ಒಮ್ಮೆ ದೀಪದ ಬೆಳಕಿಗೆ ಹಿಡಿದು ನೋಡಿ.