ಆಪರೇಷನ್ ಆಯ್ತು, ಮುಂದೇನು? ಕಾಕ್ಲಿಯರ್ ಇಂಪ್ಲಾಂಟ್ ಮತ್ತು ದೂರದ ಆರೈಕೆ



ಕಾಕ್ಲಿಯರ್ ಇಂಪ್ಲಾಂಟ್ ಅಂದ ಕೂಡಲೇ ಜನ ಕೇಳೋದು ಖರ್ಚಿನ ಬಗ್ಗೆ. ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ನೆರವು ಸಿಗುತ್ತೆ. ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ವಿಚಾರಿಸಿ. ಆದರೆ ಇನ್ನೊಂದು ಪ್ರಶ್ನೆ ಹೆಚ್ಚಿನವರು ಕೇಳಲ್ಲ: ಆಪರೇಷನ್ ಆದ ಮೇಲೆ ಎಷ್ಟು ಸಲ ಹೋಗಬೇಕು?

ನೋಡಿ, ಆಪರೇಷನ್ ಆದ ದಿನವೇ ಮಗುವಿಗೆ ಕೇಳಿಸೋದಿಲ್ಲ. ಗಾಯ ಮಾಗಿದ ಮೇಲೆ ಹೊರಗಿನ ಯಂತ್ರವನ್ನು ಆನ್ ಮಾಡ್ತಾರೆ. ಒಳಕಿವಿಯಲ್ಲಿ ಸಣ್ಣ ಸಣ್ಣ ಎಲೆಕ್ಟ್ರೋಡ್‌ಗಳಿರುತ್ತವೆ, ಕೆಲವು ಕಂಪನಿಗಳದ್ದರಲ್ಲಿ 22. ಒಂದೊಂದಕ್ಕೂ ಎಷ್ಟು ವಿದ್ಯುತ್ ಕೊಟ್ಟರೆ ಸದ್ದು ಮೆಲ್ಲಗೆ ಕೇಳಿಸುತ್ತೆ, ಎಷ್ಟರವರೆಗೆ ಹಿತವಾಗಿರುತ್ತೆ ಅಂತ ಅಳೆದು ಹೊಂದಿಸಬೇಕು. ಇದೇ ಮ್ಯಾಪಿಂಗ್. ಮೊದಲ ವರ್ಷ ಇದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತೆ. ಆಮೇಲೂ ಜೀವನಪೂರ್ತಿ ಆಗಾಗ ತೋರಿಸ್ತಾ ಇರಬೇಕು.

ಬೊರಿವಲಿಯಲ್ಲಿ ಇಳಿದು ಫಾಸ್ಟ್ ಲೋಕಲ್ ಹಿಡಿದು, ಮಗುವನ್ನು ಎತ್ತಿಕೊಂಡು ಬಾಂದ್ರಾಗೆ ಹೋಗೋದು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅಪ್ಪನ ಒಂದು ದಿನದ ಸಂಬಳವೂ ಹೋಗುತ್ತೆ. ಹೀಗೇ ಎಷ್ಟೋ ಮನೆಗಳಲ್ಲಿ ಫಾಲೋಅಪ್ ನಿಂತುಬಿಡುತ್ತೆ.

ಈಗ ಇಂಟರ್ನೆಟ್ ಮೂಲಕ ದೂರದಿಂದಲೇ ಮ್ಯಾಪಿಂಗ್ ಮಾಡಬಹುದು. ಆಡಿಯಾಲಜಿಸ್ಟ್ ಅಲ್ಲಿ ಕೂತು ಹೊಂದಿಸ್ತಾರೆ, ವಿಡಿಯೋದಲ್ಲಿ ನಿಮ್ಮನ್ನು ನೋಡ್ತಾರೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಒಂದು ಕಂಪನಿಯ ಇಂಪ್ಲಾಂಟ್‌ಗೆ ಇದನ್ನು ಒಪ್ಪಿತು. ಆದರೆ ಆಗ ಒಪ್ಪಿದ್ದು 12 ವರ್ಷ ಮೇಲ್ಪಟ್ಟವರಿಗೆ, ಯಂತ್ರ ಹಾಕಿ ಆರು ತಿಂಗಳಾದವರಿಗೆ ಮಾತ್ರ. ಯಾಕೆ? ಪುಟ್ಟ ಮಗು "ಸದ್ದು ಜಾಸ್ತಿ ಆಯ್ತು" ಅಂತ ಹೇಳಲ್ಲ. ಅದು ಕಣ್ಣು ಮಿಟುಕಿಸೋದನ್ನ, ಬೆಚ್ಚೋದನ್ನ ಹತ್ತಿರದಿಂದ ನೋಡಬೇಕು. ಹಾಗಾಗಿ ಮೊದಲ ತಿಂಗಳುಗಳಲ್ಲಿ ರೈಲು ಹತ್ತಲೇಬೇಕು. ಆಮೇಲೂ ಅಷ್ಟೆ: ಆಪರೇಷನ್ ಜಾಗ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ, ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ವಿಡಿಯೋ ಕಾಲ್ ಸಾಲದು.

ಇನ್ನೂ ಮುಖ್ಯವಾದ ಮಾತು. ಇಂಪ್ಲಾಂಟ್ ಸದ್ದು ಕೊಡುತ್ತೆ, ಮಾತು ಕೊಡಲ್ಲ. ಮಾತು ಬರೋದು ದಿನವಿಡೀ ಮನೆಯಲ್ಲಿ ಆಡೋದರಿಂದ, ಥೆರಪಿಯಿಂದ. ಮುಂಬಯಿಯಲ್ಲಿ ಥೆರಪಿ ಸಾಮಾನ್ಯವಾಗಿ ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯುತ್ತೆ. ಅಮ್ಮ, ಅಜ್ಜಿ ಮಾತಾಡೋದು ಕನ್ನಡ. ಇಲ್ಲಿ ದೂರವೇ ಉಪಕಾರಕ್ಕೆ ಬರುತ್ತೆ! 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ವಿಡಿಯೋ ಮೂಲಕವೂ ಥೆರಪಿ ಕೊಡುತ್ತೆ. ಅಲ್ಲಿ ಕನ್ನಡದಲ್ಲೇ ಕೇಳಿ ನೋಡಿ. ಅಮ್ಮನಿಗೆ ಸಲೀಸಾಗಿ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಎಷ್ಟು ಹೊತ್ತು ಮಾತಾಡೋಕಾಗುತ್ತೆ, ಹೇಳಿ?

ಆದ್ದರಿಂದ ಆಪರೇಷನ್‌ಗೆ ಒಪ್ಪೋ ಮೊದಲೇ ಮೂರು ವಿಷಯ ಕೇಳಿಕೊಳ್ಳಿ. ಈ ಯಂತ್ರಕ್ಕೆ ದೂರದಿಂದ ಮ್ಯಾಪಿಂಗ್ ಆಗುತ್ತಾ? ಕೇಬಲ್, ಬ್ಯಾಟರಿ, ರಿಪೇರಿ ಖರ್ಚು ಯಾರದು? ಥೆರಪಿ ಯಾವ ಭಾಷೆಯಲ್ಲಿ?

ಈಗ ನಿಮ್ಮ ಪ್ರಶ್ನೆಗಳನ್ನ ಕೇಳಿ.