ತಾತನ ಬೇಯದ ಬೇಳೆ



ನಮ್ಮ ತಾತ 1962ರಲ್ಲಿ ಲಡಾಖಿನಲ್ಲಿದ್ದ ಸಿಪಾಯಿ. ನಿವೃತ್ತರಾದ ಮೇಲೆ, ಹೋಳಿಗೆ ಬಡಿಸುವ ಮುಂಚೆ ಮೊಮ್ಮಕ್ಕಳಾದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ಕೂಗುತ್ತಿದ್ದರು. ಮೊದಲ ಹೋಳಿಗೆ ಮಾತ್ರ 'ಪರೀಕ್ಷೆ'ಗೆಂದು ತಾವೇ ತಿನ್ನುತ್ತಿದ್ದರು! "ಯುದ್ಧದಲ್ಲಿ ಏನು ನೋಡಿದಿರಿ ತಾತ?" ಎಂದರೆ ಒಂದೇ ಉತ್ತರ: "ಬೇಯದ ಬೇಳೆ!"

ಅವರ ಆರಾಧ್ಯದೈವ ಕೊಡಗಿನ ಜನರಲ್ ತಿಮ್ಮಯ್ಯ. ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನಿಸುತ್ತದೆ ಎಂದು ಮೋತಿಲಾಲ್ ನೆಹರು ಕೆಣಕಿದಾಗ ಯುವಕ ತಿಮ್ಮಯ್ಯ "ಸೆಕೆ" ಎಂದರಂತೆ. ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ 1965ರಲ್ಲಿ ಸೈಪ್ರಸ್‌ನಲ್ಲೇ ಅವರು ತೀರಿಕೊಂಡರು. ಮರುವರ್ಷ ಆ ದೇಶ ಅವರ ಅಂಚೆಚೀಟಿ ತಂದಿತು. ಇಲ್ಲಿನ ಗ್ರೀನ್ ಲೇನ್ಸ್‌ನಲ್ಲಿ ಸೈಪ್ರಸ್ ಮೂಲದವರ ಅಂಗಡಿಗೆ ಹೋದಾಗಲೆಲ್ಲ ನಮ್ಮ ಮಕ್ಕಳಿಗೆ ಇದನ್ನು ಹೇಳುತ್ತೇವೆ.

ಎಂಜಿನಿಯರಿಂಗ್ ಓದಿದ ಮೇಲೆ ತಾತನ ತಮಾಷೆಯ ಲೆಕ್ಕ ತಿಳಿಯಿತು. ಚುಶೂಲ್‌ನಂಥ 4,300 ಮೀಟರ್ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಬೇಳೆ ಸುಲಭಕ್ಕೆ ಬೇಯದು. ಆ ನಗೆಯೊಳಗೆ ಹಸಿವಿತ್ತು, ಚಳಿಯಿತ್ತು, ಮರಳಿ ಬಾರದ ಗೆಳೆಯರಿದ್ದರು. ಅದನ್ನು ಬಾಯಿಬಿಟ್ಟು ಹೇಳದೆಯೇ ತಾತ ಹೊರಟುಹೋದರು.

ಊರಿನಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಫೋನ್ ಮಾಡಿ. ಅವರು ತಮಾಷೆ ಮಾಡಿದರೆ ಮನಸಾರೆ ನಗಿ. ನಕ್ಕ ಮೇಲೆ, "ಆಮೇಲೆ ಏನಾಯಿತು?" ಎಂದು ಕೇಳಿ. ಊಟಕ್ಕೆ ಮುನ್ನ ದೇಣಿಗೆ ಮರೆಯಬೇಡಿ.